ತುಂಡುಬಟ್ಟೆಗಳ ಚರಿತ್ರೆ

ಚರಿತ್ರೆ ಪಾಠ ಹೇಳುತ್ತಿದ್ದ ಮೇಷ್ಟ್ರು ನಿವೃತ್ತರಾದ ಮೇಲೆ ಹೊಲಿಗೆಯ ವಿಷಯವಾಗಿ ಬರೆಯತೊಡಗಿದರೆ ಹಳೆಯ ವಿದ್ಯಾರ್ಥಿಗಳು ನಕ್ಕಾರು. ನಗಲಿ, ಬೇಸರವಿಲ್ಲ. ಈ ಬರಹಕ್ಕೆ ಕಾರಣವಾದದ್ದು ನಿಮ್ಮಲ್ಲೇ ಒಬ್ಬಳು ಬರೆದ ಕಾಗದ. ಈಗ ಪರದೇಶದಲ್ಲಿ ನೆಲೆಸಿರುವ ಆಕೆ ನೂರು ದಿನಗಳ ಒಂದು ನೇಮ ಹಿಡಿದಿದ್ದಾಳಂತೆ. ಮನೆಯಲ್ಲಿ ಉಳಿದ ತುಂಡುಬಟ್ಟೆಗಳಿಂದ ದಿನಕ್ಕೊಂದರಂತೆ ಅಂಗೈಯಗಲದ ಒಂದೊಂದು ಚೌಕ ಹೊಲಿಯಬೇಕು. ಹೊಸ ಬಟ್ಟೆ ಕೊಳ್ಳಕೂಡದು. ಒಂದು ದಿನದಂತೆ ಇನ್ನೊಂದು ದಿನದ್ದು ಇರಕೂಡದು. ಒಂದು ದಿನವೂ ತಪ್ಪಕೂಡದು. ಅಲ್ಲಿ ಹಲವರು ಕೂಡಿ ಇದನ್ನು ಪಂದ್ಯದ ಹಾಗೆ ಆಡುತ್ತಾರಂತೆ. ಕಾಗದದ ಕೊನೆಗೆ ಒಂದು ಪ್ರಶ್ನೆ: "ಮೇಷ್ಟ್ರೇ, ನಮ್ಮ ಕಡೆ ಇದಕ್ಕೇನಾದರೂ ಚರಿತ್ರೆ ಇದೆಯೆ?"

ಇದೆ. ಬಂಗಾರಪೇಟೆ, ಕೆ.ಜಿ.ಎಫ್.ಗಳ ಮಟ್ಟಿಗಂತೂ ಅದು ಬಂಗಾರದ ಚರಿತ್ರೆಯ ಪಕ್ಕದಲ್ಲೇ ನಡೆದು ಬಂದಿದೆ. ಆದರೆ ಬಂಗಾರದ ಲೆಕ್ಕವನ್ನು ಕಂಪನಿಯವರು ಔನ್ಸು ಔನ್ಸಿಗೆ ಬರೆದಿಟ್ಟರು. ತುಂಡುಬಟ್ಟೆಯ ಲೆಕ್ಕವನ್ನು ಯಾರೂ ಬರೆಯಲಿಲ್ಲ. ನಾನು ಕಂಡದ್ದನ್ನೂ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಒಂದಿಷ್ಟು ಹೇಳಲು ಯತ್ನಿಸುತ್ತೇನೆ.

ಮೊದಲು ಮಾತಿನಿಂದ ಆರಂಭಿಸೋಣ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ. ನಮ್ಮ ಕೋಲಾರದ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಅಂಗಳದಲ್ಲಿ ಆಡುವ ಮಕ್ಕಳು. ಇಲ್ಲಿ ಅದು ಬೊಂತೆ, ಇಲ್ಲವೆ ಬೊಂತ. ಸಂಸ್ಕೃತದಿಂದ ಬಂದ ಕಂಥೆ ಎಂಬ ಮಾತೂ ಹಳೆಯದೇ. ಬಂಗಾಳದವರ ಕಾಂಥಾ ಇದರ ನಂಟಿನದು. ಬೌದ್ಧ ಭಿಕ್ಷುಗಳ ಚೀವರವೂ ಮೂಲದಲ್ಲಿ ಬಿಸುಟ ಬಟ್ಟೆಗಳನ್ನು ಆಯ್ದು ಜೋಡಿಸಿದ ಉಡುಪು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಚೀವರವನ್ನು ಆ ಮಾದರಿಯಲ್ಲಿ ಜೋಡಿಸಬಹುದೇ ಎಂದು ಬುದ್ಧ ಆನಂದನನ್ನು ಕೇಳಿದನೆಂದು ವಿನಯಪಿಟಕ ಹೇಳುತ್ತದೆ. ಅಂದಮೇಲೆ ತುಂಡುಗಳನ್ನು ಜೋಡಿಸುವ ವಿದ್ಯೆ ನಿನ್ನೆ ಮೊನ್ನೆಯದಲ್ಲ.

ಇನ್ನು ನಮ್ಮೂರಿಗೆ ಬರೋಣ. ಬೆಂಗಳೂರು ಜೋಲಾರಪೇಟೆಗಳ ನಡುವೆ ರೈಲುಹಾದಿ ತೆರೆದದ್ದು 1864ರಲ್ಲಿ. ಆಗ ಮೈಸೂರಿನ ಕಮಿಷನರ್ ಆಗಿದ್ದವನು ಲೆವಿನ್ ಬೆಂಥಮ್ ಬೌರಿಂಗ್. ಅವನ ಹೆಸರಿನಿಂದಲೇ ನಮ್ಮೂರು ಬೌರಿಂಗ್‌ಪೇಟೆಯಾಯಿತು. ಬಂಗಾರಪೇಟೆಯೆಂದು ಕರೆಸಿಕೊಂಡದ್ದು ಆಮೇಲೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಗಣಿಗಳ ಆಡಳಿತ ವಹಿಸಿಕೊಂಡರು. 1894ರಲ್ಲಿ ನಮ್ಮೂರಿನಿಂದ ಮಾರಿಕುಪ್ಪಮಿನವರೆಗೆ ಸುಮಾರು ಹತ್ತು ಮೈಲಿಯ ಕವಲು ಹಾದಿ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಇವನ್ನೆಲ್ಲ ನೀವು ನನ್ನ ತರಗತಿಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ್ದೀರಿ. ಆ ಇಸವಿಗಳ ನಡುವೆ ಬಿಟ್ಟುಹೋದದ್ದು ಮಲಗುವ ವಿಚಾರ.

ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಸೇಲಂ ಕಡೆಯಿಂದ ಕೂಲಿಗಾಗಿ ಬಂದ ಕುಟುಂಬಗಳು, ಅವರಲ್ಲಿ ಹೆಚ್ಚಿನವರು ದಲಿತರು, ಕಂಪನಿಯ ಲೈನುಗಳಲ್ಲಿ ನೆಲೆಸಿದರು. ಲೈನೆಂದರೆ ಬಿದಿರು ತಟ್ಟಿಯ ಗೋಡೆಯ, ಒಂದಕ್ಕೊಂದು ಅಂಟಿಕೊಂಡ ಗೂಡುಗಳ ಸಾಲು. ಊರು ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬಯಲಿನಿಂದ ಬೀಸುವ ಗಾಳಿಗೆ ತಟ್ಟಿಯ ಗೋಡೆ ಅಡ್ಡಿಯೇ ಅಲ್ಲ. ಭೂಮಿಯ ಒಳಗೆ ಇದಕ್ಕೆ ವಿರುದ್ಧ. ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3,200 ಮೀಟರ್ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಶಾಖ ಅರವತ್ತು ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತಿತ್ತು. ತಂದೆ ಕೆಳಗೆ ಬೆವರಿನಲ್ಲಿ ತೊಯ್ಯುತ್ತಿದ್ದ ಹೊತ್ತಿಗೇ ಮೇಲೆ ಅವನ ಮಕ್ಕಳು ಚಳಿಗೆ ಮುದುಡಿಕೊಂಡಿರುತ್ತಿದ್ದರು. ಉಣ್ಣೆಯ ಕಂಬಳಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಬೊಂತೆ ಹುಟ್ಟಿದ್ದು ಈ ಅಗತ್ಯದಿಂದ.

ನಮ್ಮ ತಂದೆಯವರದು ಬಂಗಾರಪೇಟೆಯಲ್ಲಿ ಪುಟ್ಟದೊಂದು ದರ್ಜಿ ಅಂಗಡಿ ಎಂಬುದು ನೆಂಟರಿಗೆಲ್ಲ ತಿಳಿದದ್ದೇ. ಮಿಷನ್ನಿನ ಕಾಲಬುಡದಲ್ಲಿ ಒಂದು ಗೋಣಿಚೀಲ ಬಾಯ್ದೆರೆದುಕೊಂಡು ಕುಳಿತಿರುತ್ತಿತ್ತು. ಕತ್ತರಿಗೆ ಸಿಕ್ಕಿ ಉದುರಿದ ಬಟ್ಟೆಯೆಲ್ಲ ಅದರೊಳಗೆ. ಕಂಕುಳ ತಿರುವಿನಲ್ಲಿ ಉಳಿದ ಬಿಲ್ಲಿನಾಕಾರದ ಚೂರು, ಕಾಲರಿನ ತ್ರಿಕೋಣ, ಪಟ್ಟಿಯ ತುದಿ. ಚೀಲ ತುಂಬಿದಾಗ ಗಣಿಯ ಕಡೆಯಿಂದ ರೈಲಿನಲ್ಲಿ ಬಂದ ಹೆಂಗಸರು ಅದನ್ನು ಕೊಂಡೊಯ್ಯುತ್ತಿದ್ದರು. ತಂದೆಯವರು ಕಾಸು ಕೇಳುತ್ತಿರಲಿಲ್ಲ, ಅವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಂದು ಹಿಡಿ ನೆಲಗಡಲೆಯೋ ನಾಲ್ಕು ಹುಣಸೆಯ ಬೋಟುಗಳೋ ನಮ್ಮ ಕೈಗೆ ಬೀಳುತ್ತಿದ್ದವು. ಎಲ್ಲ ಚೂರೂ ಅವರಿಗೆ ಬೇಕಾಗಿರಲಿಲ್ಲ. ಬೆರಳಿನಿಂದ ಉಜ್ಜಿ ನೋಡಿ ಹತ್ತಿಯನ್ನು ಇಟ್ಟುಕೊಂಡು ನೈಲಾನನ್ನು ಬೇರೆ ಮಾಡುತ್ತಿದ್ದರು. ನೈಲಾನು ಬೆವರು ಹೀರದು, ಸೂಜಿಗೂ ಜಾರುತ್ತದೆ ಎಂಬುದನ್ನು ನಾನು ಅವರಿಂದಲೇ ಕಲಿತೆ.

ಬೊಂತೆ ಹೊಲಿಯುವ ಕ್ರಮ ಸರಳ, ಬೇಕಾಗುವುದು ತಾಳ್ಮೆ. ತಳಕ್ಕೆ ಮೆತ್ತಗಾದ ಹಳೆಯ ಸೀರೆ, ಅದರ ಮೇಲೆ ಪಂಚೆ, ಲಂಗ, ಅಂಗಿಗಳ ಬಿಚ್ಚಿದ ಭಾಗಗಳು, ಎಲ್ಲಕ್ಕೂ ಮೇಲೆ ಚೂರುಗಳನ್ನು ಹೊಂದಿಸಿದ ಮುಖ. ದಪ್ಪ ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತ ಉದ್ದಕ್ಕೂ ಸಾಲು ಹಾಕುವುದು. ಒಂದು ಸಾಲಿನಿಂದ ಇನ್ನೊಂದಕ್ಕೆ ಬೆರಳಿನಗಲ. ಸಾಲು ಒತ್ತಾದಷ್ಟೂ ಬೊಂತೆ ಗಟ್ಟಿ. ಒಂದೇ ಪಟ್ಟಿಗೆ ಕುಳಿತು ಮುಗಿಸುವ ಕೆಲಸವಲ್ಲ ಅದು. ನೀರಿನ ಸಾಲು, ಒಲೆ, ಪಾಳಿಗೆ ಹೋಗುವವರ ಊಟದ ಡಬ್ಬಿ ಇವೆಲ್ಲ ಮುಗಿದ ಮೇಲೆ ಮಧ್ಯಾಹ್ನ ಸಿಗುವ ಅರ್ಧ ಗಂಟೆಯಲ್ಲಿ ದಿನಕ್ಕೆ ಎರಡು ಸಾಲು, ಬಹಳವೆಂದರೆ ಮೂರು. ನಮ್ಮ ತಾಯಿಯೂ ಹಾಗೆಯೇ ಹೊಲಿಯುತ್ತಿದ್ದರು. ದೀಪಾವಳಿ ಕಳೆದ ಮೇಲೆ ತೊಡಗಿದ ಬೊಂತೆ ಮುಗಿಯುವಾಗ ಚಳಿಯೇ ಮುಗಿದಿರುತ್ತಿತ್ತು. ಅದು ಮುಂದಿನ ವರ್ಷಕ್ಕೆ. ನನ್ನ ವಿದ್ಯಾರ್ಥಿನಿ ಇಂದು ಹಿಡಿದಿರುವ "ದಿನಕ್ಕೊಂದು" ಎಂಬ ನೇಮ ಹೀಗೆ ಬಹಳ ಹಿಂದೆಯೇ ಇಲ್ಲಿತ್ತು. ಆದರೆ ಅದಕ್ಕೆ ಯಾರೂ ನೇಮವೆಂಬ ಹೆಸರಿಟ್ಟಿರಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ನಮ್ಮ ಗಾದೆ. ಈ ಹೆಂಗಸರು ಕಾಲು ಮಡಿಸಿಕೊಂಡು ಸುಮ್ಮನಾಗಲಿಲ್ಲ; ಹಾಸಿಗೆಯನ್ನೇ ಅಂಗುಲ ಅಂಗುಲವಾಗಿ ಬೆಳೆಸಿದರು.

ಬಟ್ಟೆ ಸುಲಭವಾಗಿ ಸಿಗದಿದ್ದ ಕಾಲವನ್ನು ಇಂದಿನವರು ಊಹಿಸುವುದು ಕಷ್ಟ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟಿಷ್ ಇಂಡಿಯಾದ ಸರ್ಕಾರ ಹತ್ತಿಯ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆದೇಶ ಹೊರಡಿಸಿತು. ಗಿರಣಿಗಳು ಸೈನ್ಯಕ್ಕಾಗಿ ನೇಯುತ್ತಿದ್ದವು, ಪೇಟೆಯಲ್ಲಿ ಬಟ್ಟೆಗೆ ಬರ. ಸಂಸ್ಥಾನಗಳೂ ಆ ಬಿಸಿಯಿಂದ ಹೊರತಾಗಿರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಅಲ್ಲಿನ ವ್ಯಾಪಾರ ಮಂಡಲಿಯವರು ಇದ್ದುದರಲ್ಲೇ ಸರಿಪಡಿಸಿಕೊಳ್ಳಿ, ಹರಿದದ್ದನ್ನು ಹೊಲಿದುಕೊಳ್ಳಿ ಎಂದು ಗೃಹಿಣಿಯರಿಗೆ ಬುದ್ಧಿ ಹೇಳುವ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದರು. ಅದು ಇಂದಿಗೂ ಪ್ರಸಿದ್ಧ. ನಮ್ಮ ಲೈನುಗಳ ಹೆಂಗಸರಿಗೆ ಅಂಥ ಪುಸ್ತಕದ ಅಗತ್ಯವಿರಲಿಲ್ಲ. ಅವರಿಗೆ ಗೊತ್ತಿದ್ದ ಬದುಕೇ ಅದಾಗಿತ್ತು.

ಬೊಂತೆಯನ್ನು ಬಡತನದ ಗುರುತೆಂದು ಮಾತ್ರ ನೋಡುವವರಿದ್ದಾರೆ. ಅದು ಬಡತನದ್ದೇ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಅದು ಒಂದು ದಾಖಲೆಯೂ ಹೌದು. ನಮ್ಮ ತಾಯಿಯ ಕೈಯ ಒಂದು ಬೊಂತೆ ಈಗಲೂ ನನ್ನ ಬಳಿಯಿದೆ. ಅದರಲ್ಲಿ ನನ್ನ ಶಾಲೆಯ ಖಾಕಿ ಚಡ್ಡಿಯ ತುಂಡಿದೆ, ಅಕ್ಕನ ಮದುವೆಯಲ್ಲಿ ಹೊಲಿಸಿದ ರವಿಕೆಯ ಹಸಿರು ಚೂರಿದೆ, ಗಣಿಯ ವರ್ಕ್‌ಷಾಪಿನಲ್ಲಿ ದುಡಿಯುತ್ತಿದ್ದ ನೆರೆಮನೆಯ ಮಾಮನ ನೀಲಿ ಅಂಗಿಯ ಬೆನ್ನು ಇದೆ. ಆ ಬೆನ್ನಿನ ಮೇಲೆ ಎಷ್ಟು ಒಗೆದರೂ ಹೋಗದ ಎಣ್ಣೆಯ ಕಲೆ. ಆ ಮಾಮನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಗಣಿಗಳಿಂದ ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂತೆಂದು ಪುಸ್ತಕಗಳು ಹೇಳುತ್ತವೆ. ಆ ಚಿನ್ನದ ಒಂದು ಗುಂಜಿಯೂ ಲೈನುಗಳಲ್ಲಿ ಉಳಿಯಲಿಲ್ಲ. ಉಳಿದ ಎಣ್ಣೆಯ ಕಲೆ ನನ್ನ ಪೆಟ್ಟಿಗೆಯಲ್ಲಿದೆ.

ಇದು ನನ್ನೊಬ್ಬನ ಭಾವುಕತೆ ಎನ್ನುವಿರಾದರೆ ಬೇರೆಡೆಯ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದ ಅಲಬಾಮ ಪ್ರಾಂತ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಗುಲಾಮರಾಗಿ ಹತ್ತಿಯ ತೋಟಗಳಲ್ಲಿ ದುಡಿದವರ ವಂಶದ ಕರಿಯ ಜನಾಂಗದ ಹೆಂಗಸರು ಅಲ್ಲಿ ತಲೆಮಾರುಗಳಿಂದ ಹೊದಿಕೆ ಹೊಲಿಯುತ್ತ ಬಂದರು. ಅವರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡ ಮೇಲೆ, 1942ರಲ್ಲಿ, ಅವನು ದುಡಿಮೆಗೆ ತೊಡುತ್ತಿದ್ದ ಬಟ್ಟೆಗಳನ್ನೇ ಬಿಡಿಸಿ ಒಂದು ಹೊದಿಕೆ ಹೊಲಿದಳು, ಅವನ ನೆನಪು ಉಳಿಯಲೆಂದು. ಆ ಹಳ್ಳಿಯ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದ ಗೋಡೆಯೇರಿದವು. ನೋಡಿದವರು ಬೆರಗಾದರು. ಹಾಸಿಗೆಯ ಮೇಲಿದ್ದಾಗ ಅದು ಬರಿಯ ಚಿಂದಿ, ಗೋಡೆಯ ಮೇಲೆ ಹೋದಾಗ ಕಲೆ! ಬಟ್ಟೆ ಎರಡು ಕಡೆಯೂ ಒಂದೇ.

ಎರಡನೆಯದು ನಮ್ಮ ನಾಡಿನದೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು, ಹಲವರು ಪೋರ್ಚುಗೀಸರ ಗುಲಾಮರಾಗಿ. ಆ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ನಮ್ಮ ಬೊಂತೆಯಂತೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಲು ಹಾಕದೆ, ಅಂಚಿನಿಂದ ತೊಡಗಿ ಸುತ್ತ ಸುತ್ತ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಒಂದೊಂದು ತ್ರಿಕೋಣ ಇಡಬೇಕು, ಅದು ಹೂವು. ಹೂವಿಲ್ಲದ ಕವಂದಿ ಬತ್ತಲೆಯಂತೆ! ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು 2004ರ ಸುಮಾರಿಗೆ ಇವರ ನಡುವೆ ಅಧ್ಯಯನ ನಡೆಸಿ, ಈ ಹೆಂಗಸರದೇ ಒಂದು ಸಹಕಾರ ಕೂಟ ಏಳಲು ನೆರವಾದರು. ಹೊರಗಿನವರು ಬಂದು ನೋಡಿದ ಮೇಲೆ ನಮಗೂ ಅದು ಕಂಡಿತು. ಗಣಿಯ ಲೈನುಗಳಿಗೆ ಹಾಗೆ ಬಂದು ಕಣ್ಣು ತೆರೆಸಿದವರನ್ನು ನಾನು ಕಾಣೆ.

ನಾನು ಶಾಲೆಯಲ್ಲಿದ್ದಷ್ಟು ದಿನವೂ ತುಂಡುಬಟ್ಟೆಗೆ ಒಂದು ಮರ್ಯಾದೆಯ ಜಾಗವಿತ್ತು. ಹೊಲಿಗೆ ಟೀಚರ ತರಗತಿಯನ್ನು ಹೆಣ್ಣುಮಕ್ಕಳು ನೆನಪಿಸಿಕೊಳ್ಳಲಿ. ಪ್ರತಿಯೊಬ್ಬಳಿಗೂ ಒಂದು ಮಾದರಿ ಪುಸ್ತಕ. ಒಂದೊಂದು ಹಾಳೆಗೆ ಅಂಗೈಯಷ್ಟು ಬಟ್ಟೆ, ಅದರ ಮೇಲೆ ಒಂದು ಹೊಲಿಗೆ: ಇಂದು ಹೆಮ್ಮಿಂಗು, ನಾಳೆ ಕಾಜಾ, ನಾಡಿದ್ದು ತೇಪೆ. ಮನೆಯಲ್ಲಿ ಬೊಂತೆಯ ಸೂಜಿ ಹಿಡಿದು ಬಂದ ಲೈನಿನ ಮಕ್ಕಳ ತೇಪೆಯನ್ನು ಟೀಚರು ಎತ್ತಿ ತೋರಿಸಿ ಹೊಗಳುತ್ತಿದ್ದರು. ಇಂಗ್ಲಿಷಿನಲ್ಲೂ ಗಣಿತದಲ್ಲೂ ಹಿಂದೆ ಬಿದ್ದ ಹುಡುಗಿ ಆ ಒಂದು ಪಿರಿಯಡ್ಡಿನಲ್ಲಿ ತಲೆಯೆತ್ತಿ ಕೂರುತ್ತಿದ್ದಳು.

ಆಮೇಲೆ ಏನಾಯಿತೆಂಬುದು ನಿಮಗೆ ಗೊತ್ತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೂ 1962ರಲ್ಲಿ ಕೇಂದ್ರದ ಕೈಗೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾದವು. ಮೊದಮೊದಲು ಒಂದು ಟನ್ ಅದಿರಿಗೆ ನಲವತ್ತು ಗ್ರಾಂಗೂ ಮೇಲೆ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ನಾಲ್ಕು ಗ್ರಾಂಗಿಂತಲೂ ಕೆಳಗಿಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಉಳಿದದ್ದು ಸೈನೈಡ್ ದಿಬ್ಬಗಳು, ಚಿನ್ನ ತೆಗೆದ ಮೇಲೆ ಸುರಿದ ಕೋಟ್ಯಂತರ ಟನ್ ಪುಡಿಮಣ್ಣು. ಗಾಳಿಯ ಕಾಲದಲ್ಲಿ ಆ ಧೂಳು ಒಣಹಾಕಿದ ಬೊಂತೆಗಳ ಮೇಲೂ ಕೂರುತ್ತಿತ್ತು.

ಆಗ ಊರಿನ ಜನರನ್ನು ಬದುಕಿಸಿದ್ದು ಅದೇ 1894ರ ರೈಲುಹಾದಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲೇ ಗಾಡಿ ಹತ್ತಿ, ನಮ್ಮೂರನ್ನು ದಾಟಿ, ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನ. ಅವರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೂ ಇದ್ದರು, ನನ್ನ ಕೈಕೆಳಗೆ ಓದಿದವರೂ ಇದ್ದರು. ಸಿದ್ಧ ಉಡುಪುಗಳ ಉದ್ಯಮ ಬೆಂಗಳೂರಿನಲ್ಲಿ ಆಗ ಬೆಳೆಯುತ್ತಿತ್ತು. ಯಾವ ದೇಶ ಎಷ್ಟು ಬಟ್ಟೆ ಮಾರಬಹುದೆಂಬ ಅಂತರರಾಷ್ಟ್ರೀಯ ಕೋಟಾ ಪದ್ಧತಿ 2004ರ ಕೊನೆಗೆ ರದ್ದಾದ ಮೇಲೆ ಪೈಪೋಟಿ ಇನ್ನೂ ಏರಿತು. ಈ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರೇ.

ನನ್ನ ಒಬ್ಬ ವಿದ್ಯಾರ್ಥಿನಿ, ಹೆಸರು ಬೇಡ, ಅಂಥ ಒಂದು ಕಡೆ ಎಂಟು ವರ್ಷ ಟೈಲರಾಗಿದ್ದಳು. ಎಂಟು ವರ್ಷವೂ ಅವಳು ಹೊಲಿದದ್ದು ಕಾಲರು ಮಾತ್ರ. ಒಬ್ಬಳಿಗೆ ಕಾಲರು, ಇನ್ನೊಬ್ಬಳಿಗೆ ತೋಳು, ಮತ್ತೊಬ್ಬಳಿಗೆ ಜೇಬು. ಇಡೀ ಅಂಗಿಯನ್ನು ಹೊಲಿದವರು ಯಾರೂ ಇಲ್ಲ. ಗಂಟೆಗೆ ಇಷ್ಟು ಎಂದು ಟಾರ್ಗೆಟ್. ಮುಟ್ಟದಿದ್ದರೆ ಸೂಪರ್‌ವೈಸರನ ಬಾಯಿ. ನೀರು ಕುಡಿಯಲು ಏಳಬೇಕಾದೀತೆಂದು ನೀರನ್ನೇ ಕಡಿಮೆ ಕುಡಿಯುತ್ತಿದ್ದೆ ಸಾರ್ ಎಂದಳು. ಕೈ ಚುರುಕಾಗಿದ್ದವಳು, ತೇಪೆಗೆ ಹೊಗಳಿಸಿಕೊಂಡವಳು. ಅವಳ ಮಾತು ಕೇಳಿ ನನಗೆ ಹೇಳಲು ಏನೂ ತೋಚಲಿಲ್ಲ.

ಇಂಥವರ ಸಹನೆಗೂ ಒಂದು ಮಿತಿಯಿದೆ ಎಂಬುದು 2016ರ ಏಪ್ರಿಲ್‌ನಲ್ಲಿ ಕಂಡಿತು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ಮೊದಲು ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ತಂದಾಗ, ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ಬೀದಿಗಿಳಿದರು. 18 ಮತ್ತು 19ರಂದು ಹೆದ್ದಾರಿಗಳು ನಿಂತವು. 19ರ ಸಂಜೆಗೆ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಮಗಳ ಮದುವೆಗೆ, ಗಂಡನ ಕಾಯಿಲೆಗೆ, ಮನೆಯ ಸೂರಿಗೆ ಆ ಹಣ ಬೇಕಾದಾಗ ಕೈಗೆ ಸಿಗಬೇಕೆಂಬುದಷ್ಟೇ ಅವರ ಕೋರಿಕೆಯಾಗಿತ್ತು. ಚೂರು ಚೂರಾಗಿ ಕೂಡಿಟ್ಟದ್ದರ ಬೆಲೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈಗ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಲೈನಿನ ತಾಯಿ ದಿನಕ್ಕೆರಡು ಸಾಲು ಹಾಕಿದಳು, ಚಳಿಗಾಗಿ. ಅವಳ ಮೊಮ್ಮಗಳು ಗಂಟೆಗೆ ಇಷ್ಟು ಕಾಲರು ಹೊಲಿದಳು, ಸಂಬಳಕ್ಕಾಗಿ. ಪರದೇಶದಲ್ಲಿರುವ ನನ್ನ ವಿದ್ಯಾರ್ಥಿನಿ ದಿನಕ್ಕೊಂದು ಚೌಕ ಹೊಲಿಯುತ್ತಿದ್ದಾಳೆ, ಸಂತೋಷಕ್ಕಾಗಿ. ಮೂವರ ಕೈಯಲ್ಲೂ ಸೂಜಿಯೇ, ಮೂವರದೂ ದಿನನಿತ್ಯದ ಗಡುವೇ. ಆದರೆ ಗಡುವನ್ನು ಇಟ್ಟವರು ಬೇರೆ ಬೇರೆ. ಮೊದಲನೆಯವಳಿಗೆ ಅದನ್ನು ಇಟ್ಟದ್ದು ಬಡತನ, ಎರಡನೆಯವಳಿಗೆ ಸೂಪರ್‌ವೈಸರು, ಮೂರನೆಯವಳು ತನಗೆ ತಾನೇ ಇಟ್ಟುಕೊಂಡಳು. ಮೂರನೆಯದನ್ನು ನಾನು ಹಗುರಾಗಿ ಕಾಣುವುದಿಲ್ಲ. ಕೈಯ ವಿದ್ಯೆಯನ್ನು ತನ್ನ ಇಷ್ಟದಂತೆ ಬಳಸುವ ಬಿಡುವು ನಮ್ಮ ಊರಿನ ಹೆಣ್ಣುಮಗಳೊಬ್ಬಳಿಗೆ ದೊರೆತಿದೆಯೆಂದರೆ ಅದು ಸಣ್ಣ ಮಾತಲ್ಲ. ಹಾಗೆ ನೋಡಿದರೆ ಮೊದಲನೆಯವಳಿಗೂ ಒಂದಿಷ್ಟು ಸ್ವಾತಂತ್ರ್ಯವಿತ್ತು: ಹಸಿರಿನ ಪಕ್ಕದಲ್ಲಿ ಕೆಂಪು ಇಡಬೇಕೋ ನೀಲಿ ಇಡಬೇಕೋ ಎಂಬುದನ್ನು ಅವಳೇ ನಿರ್ಧರಿಸುತ್ತಿದ್ದಳು. ಕಾಲರಿನವಳಿಗೆ ಅದೂ ಇರಲಿಲ್ಲ.

ತುಂಡುಗಳ ಗತಿಯೂ ಬದಲಾಗಿದೆ. ಉಡುಪಿಗಾಗಿ ಕತ್ತರಿಸುವಾಗ ನೂರಕ್ಕೆ ಸುಮಾರು ಹದಿನೈದರಷ್ಟು ಬಟ್ಟೆ ಚೂರಾಗಿ ಉಳಿಯುತ್ತದೆಂದು ಸಾಮಾನ್ಯ ಅಂದಾಜು. ತಂದೆಯವರ ಗೋಣಿಚೀಲದ ಚೂರಿಗೆ ಕಾಯುವವರಿದ್ದರು; ಕಾರ್ಖಾನೆಯ ಚೂರು ಲಾರಿಯಲ್ಲಿ ಹೋಗುತ್ತದೆ. ಒಂದಷ್ಟು ಯಂತ್ರ ಒರೆಸುವ ವೇಸ್ಟ್ ಆಗುತ್ತದೆ, ಒಂದಷ್ಟು ಹರಿದು ಮತ್ತೆ ನೂಲಾಗುತ್ತದೆ, ಉಳಿದದ್ದು ಕಸದ ರಾಶಿಗೆ ಬೀಳುತ್ತದೆ ಇಲ್ಲವೆ ಬೆಂಕಿಗೆ. ನೈಲಾನು ಪಾಲಿಯೆಸ್ಟರುಗಳ ಬೆರಕೆ ಬಟ್ಟೆಯನ್ನು ಮಣ್ಣೂ ಬೇಗ ಅರಗಿಸಿಕೊಳ್ಳದು. ಹೆಂಗಸರು ಅಂದು ಬೆರಳಿನಿಂದ ಉಜ್ಜಿ ಬೇರೆ ಮಾಡುತ್ತಿದ್ದುದರ ಅರ್ಥ ಇಂದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಇದನ್ನು ಶಿಷ್ಯರಿಗೂ ನೆಂಟರಿಗೂ ಸಮನಾಗಿ ಹೇಳುತ್ತಿದ್ದೇನೆ. ಮನೆ ಬದಲಿಸುವಾಗ, ಹಿರಿಯರು ತೀರಿಕೊಂಡಾಗ, ಅಟ್ಟದ ಮೇಲಿನ ಬೊಂತೆಗಳನ್ನು ಹೊರಗೆಸೆಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ವಾಸನೆ ಬರುತ್ತದೆ, ಇಲಿ ಕಡಿದಿದೆ, ಯಾರು ಹೊದೆಯುತ್ತಾರೆ ಎನ್ನುತ್ತೀರಿ. ಹೊದೆಯಬೇಡಿ. ಆದರೆ ಎಸೆಯುವ ಮುನ್ನ ಒಂದು ದಿನ ಬಿಸಿಲಿಗೆ ಹರಡಿ, ಮನೆಯಲ್ಲಿರುವ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಅದರ ಪಕ್ಕದಲ್ಲಿ ಕೂರಿಸಿ, ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಇದು ಯಾರದು, ಯಾವ ವರ್ಷದ್ದು ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಬೊಂತೆಯ ಎರಡು ಬದಿಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಹೊಲಿದವರ ಹೆಸರನ್ನೂ ಊರನ್ನೂ ಒಂದು ಬಿಳಿಯ ಪಟ್ಟಿಯ ಮೇಲೆ ಬರೆದು ಮೂಲೆಗೆ ನಾಲ್ಕು ಹೊಲಿಗೆ ಹಾಕಿ. ಸೂಜಿ ಹಿಡಿಯಲು ಬಾರದ ಗಂಡುಹುಡುಗರು ಕಲಿತುಕೊಳ್ಳಿ. ದರ್ಜಿಯ ಮಗನಾದ ನಾನು ಕಲಿಸಲು ಸಿದ್ಧನಿದ್ದೇನೆ. ನನ್ನ ಪೆಟ್ಟಿಗೆಯಲ್ಲಿರುವ ಬೊಂತೆಯ ಮೂಲೆಗೆ ಆ ಪಟ್ಟಿ ಹಾಕಿಯಾಗಿದೆ. ಅದರಲ್ಲಿರುವ ಹನ್ನೊಂದು ತುಂಡುಗಳು ಯಾರ ಬಟ್ಟೆಯವು ಎಂಬುದು ನನಗಿನ್ನೂ ತಿಳಿದಿಲ್ಲ. ನೆಂಟರಲ್ಲಿ ಹಿರಿಯರು ಯಾರಾದರೂ ಈ ಕಡೆ ಬಂದಾಗ ದಯವಿಟ್ಟು ಒಂದು ಗಳಿಗೆ ಕುಳಿತು ನೋಡಿ ಹೇಳಬೇಕು. ತಡಮಾಡುವಷ್ಟು ವಯಸ್ಸು ನಮ್ಮ ಯಾರಿಗೂ ಉಳಿದಿಲ್ಲ.